ಬಾಟಲ್ ಆಂಟಿ ತಟ್ಟದ ಬಾಗಿಲು

ದ್ವಾರಕಾದ ಈ ಸೊಸೈಟಿಯ ಗೇಟಿನಲ್ಲಿ ಮಂಜು ಎಷ್ಟು ದಟ್ಟವಾಗಿದೆಯೆಂದರೆ ಕಾವಲುಗಾರನ ಬೀಡಿಯ ಕಿಡಿ ಕಾಣುತ್ತದೆ, ಕಾವಲುಗಾರ ಕಾಣುವುದಿಲ್ಲ. ಡಿಸೆಂಬರ್ ತಿಂಗಳ ಬೆಳಗಿನ ಜಾವ. ಮೂರನೆಯ ಮಹಡಿಯಿಂದ ಚೋಂದಮ್ಮ ಇಳಿದು ಬರುತ್ತಾರೆ. ಗಂಡನ ಹಳೆಯ ಮಿಲಿಟರಿ ಸ್ವೆಟರ್, ಮೇಲೊಂದು ಶಾಲು, ಕಿವಿ ಮುಚ್ಚುವಂತೆ ಸುತ್ತಿದ ಮಫ್ಲರ್, ಕೊರಳಲ್ಲಿ ನೇತಾಡುವ ಗುರುತಿನ ಚೀಟಿ. ಕೈಯಲ್ಲಿ ಒಂದು ಫ್ಲಾಸ್ಕ್ ಕಾಫಿ ಇದೆ, ಅದು ಕೊಡಗಿನ ಪುಡಿಯದ್ದೇ ಆಗಿರಬೇಕು ಎಂಬುದೊಂದೇ ಅವರ ಜಂಬ. ಎಲ್ಲಿಗೆ ಹೊರಟಿದ್ದೀರಿ ಎಂದು ಕಾವಲುಗಾರ ಕೇಳುವುದಿಲ್ಲ. ಕೇಳಿದರೂ ಹೇಳುವಂತಿಲ್ಲ, ಏಕೆಂದರೆ ಅವರಿಗೇ ಇನ್ನೂ ಗೊತ್ತಿಲ್ಲ.

ಗೇಟಿನಾಚೆ ಬಿಳಿಯ ಸುಮೋ ನಿಂತಿದೆ. ಒಳಗೆ ಸೂರ್ಯನಾರಾಯಣ ಕುಳಿತಿದ್ದಾರೆ. ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿರುವ ಈ ಮೈಸೂರಿನ ಮನುಷ್ಯ ಉದ್ದೀಪನ ಮದ್ದಿನ ತಪಾಸಣೆ ನಡೆಸುವ ಅಧಿಕಾರಿ. ಯಾವ ಆಟಗಾರರ ಮೂತ್ರದ ಮಾದರಿ ತರಬೇಕು ಎಂಬ ಚೀಟಿ ಅವರ ಬಳಿಯ ಲಕೋಟೆಯಲ್ಲಿರುತ್ತದೆ, ಗಾಡಿ ಹೊರಟ ಮೇಲೆಯೇ ಅದನ್ನು ಒಡೆಯಬೇಕು. ಸುದ್ದಿ ಮೊದಲೇ ಸೋರಿದರೆ ಆಟಗಾರರು ಹಿಂದಿನ ಬಾಗಿಲಿನಿಂದ ಮಾಯವಾಗುತ್ತಾರೆ. ಡ್ರೈವರುಗಳಿಂದಲೇ ಸುದ್ದಿ ಸೋರಿದ್ದುಂಟು. ಅದಕ್ಕೇ ಇವರಿಬ್ಬರೂ ಗಾಡಿಯೊಳಗೆ ಕನ್ನಡದಲ್ಲೇ ಮಾತಾಡುತ್ತಾರೆ. ಡ್ರೈವರಿಗೆ ಎಡಕ್ಕೆ, ಬಲಕ್ಕೆ ಎಂದಷ್ಟೇ ಹಿಂದಿಯಲ್ಲಿ ಹೇಳುತ್ತಾರೆ. ದೆಹಲಿಯಲ್ಲಿ ಕನ್ನಡ ಇಷ್ಟಾದರೂ ಉಪಯೋಗಕ್ಕೆ ಬಂತಲ್ಲ ಎಂದು ಚೋಂದಮ್ಮ ನಗುತ್ತಾರೆ.

ಚೋಂದಮ್ಮನ ಕೆಲಸಕ್ಕೆ ಕಚೇರಿಯವರು ಇಟ್ಟಿರುವ ಹೆಸರು ಶಾಪರೋನ್. ಹೆಣ್ಣುಮಕ್ಕಳ ಮಾದರಿ ತೆಗೆಯುವಾಗ ಜೊತೆಗಿರಬೇಕಾದ ಹೆಂಗಸು ಎಂದು ಅರ್ಥ. ಹಾಸ್ಟೆಲಿನ ಹುಡುಗಿಯರಿಗೆ ಆ ಹೆಸರು ನಾಲಿಗೆಗೆ ಹೊರಳದೆ ಅವರು ಬಾಟಲ್ ಆಂಟಿ ಎಂದು ಕರೆಯುತ್ತಾರೆ. ಆಟಗಾರ್ತಿಗೆ ವಿಷಯ ತಿಳಿಸಿದ ಕ್ಷಣದಿಂದ ಬಾಟಲಿಗೆ ಬೀಗಮುದ್ರೆ ಬೀಳುವ ತನಕ ಆಕೆಯನ್ನು ಕಣ್ಣಿಂದ ತಪ್ಪಿಸಬಾರದು. ಆಕೆ ಹಲ್ಲುಜ್ಜಿದರೆ ಪಕ್ಕದಲ್ಲಿ ನಿಲ್ಲಬೇಕು, ಫೋನಿನಲ್ಲಿ ಅತ್ತರೂ ಪಕ್ಕದಲ್ಲೇ ನಿಲ್ಲಬೇಕು. ಶೌಚಾಲಯದೊಳಗೂ ಹೋಗಬೇಕು. ಹುಡುಗಿ ಬಟ್ಟೆಯ ತೋಳನ್ನು ಮೊಣಕೈ ತನಕ ಮಡಚಿ, ಕಮೀಜನ್ನು ಎದೆಯ ತನಕ ಎತ್ತಿ, ಸಲ್ವಾರನ್ನು ಮೊಣಕಾಲಿಗಿಳಿಸಿ ಕುಳಿತುಕೊಳ್ಳಬೇಕು, ಚೋಂದಮ್ಮ ಎದುರಿಗೆ ನಿಂತು ನೋಡಬೇಕು. ಬೇರೆಯವರ ಮೂತ್ರವನ್ನು ಮೈಯಲ್ಲಿ ಅಡಗಿಸಿಕೊಂಡು ಬರುವವರಿದ್ದಾರೆ, ಅದಕ್ಕಾಗಿ ಈ ನಿಯಮ.

"ಮೊದಲ ದಿನ ನಾನೇ ಕಣ್ಣು ಮುಚ್ಚಿಕೊಂಡುಬಿಟ್ಟೆ" ಎನ್ನುತ್ತಾರೆ ಚೋಂದಮ್ಮ. "ನಮ್ಮ ಮನೆ ಮಗಳ ವಯಸ್ಸಿನ ಹುಡುಗಿ, ಹೇಗೆ ನೋಡೋದು? ಸೂರ್ಯನಾರಾಯಣ ಸಾರ್ ಬೈದ್ರು. ಈಗ ನೋಡ್ತೀನಿ. ಆದ್ರೆ ಬಾಯಲ್ಲಿ ಬೇರೆ ಏನಾದ್ರೂ ಮಾತಾಡ್ತಾ ಇರ್ತೀನಿ. ಊಟ ಆಯ್ತಾ, ಅಮ್ಮ ಫೋನ್ ಮಾಡಿದ್ರಾ, ಹೀಗೆ. ಪಾಪ, ಅವಕ್ಕೂ ನಾಚಿಕೆ ಅನ್ನೋದು ಇರುತ್ತಲ್ಲ."

ಎಲ್ಲಕ್ಕಿಂತ ದೊಡ್ಡ ಕೆಲಸ ಕಾಯುವುದು. ಬಾಕ್ಸಿಂಗ್ ಹುಡುಗಿಯರ ವಿಷಯದಲ್ಲಂತೂ ಅದು ತಪಸ್ಸು. ತೂಕ ಇಳಿಸಲು ಎರಡು ದಿನದಿಂದ ನೀರು ಬಿಟ್ಟಿರುತ್ತಾರೆ, ಪಂದ್ಯದಲ್ಲಿ ಬೆವರು ಹರಿದಿರುತ್ತದೆ, ಮೈಯಲ್ಲಿ ಹನಿಯೂ ಉಳಿದಿರುವುದಿಲ್ಲ. ಮುದ್ರೆ ಒಡೆಯದ ನೀರಿನ ಬಾಟಲಿಗಳನ್ನು ಒಂದರ ಹಿಂದೊಂದು ಕುಡಿಸಿ, ನಲ್ಲಿ ಬಿಟ್ಟು ಸದ್ದು ಕೇಳಿಸಿ, ಕತೆ ಹೇಳಿ, ಗದರಿಸಿ, ಗಂಟೆಗಟ್ಟಲೆ ಕಾಯಬೇಕು. ಒಮ್ಮೆ ಒಬ್ಬಳಿಗೆ ಮಧ್ಯಾಹ್ನ ಶುರುವಾದ ಕಾಯುವಿಕೆ ದೀಪ ಹಚ್ಚುವ ಹೊತ್ತಿಗೆ ಮುಗಿಯಿತು. ಅಷ್ಟರಲ್ಲಿ ಆ ಹುಡುಗಿ ಇವರ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು.

ಸುಮೋ ನಜಫ್‌ಗಢದ ರಸ್ತೆಗೆ ಹೊರಳುತ್ತದೆ. ಸೂರ್ಯನಾರಾಯಣ ಲಕೋಟೆ ಒಡೆದು ಟಾರ್ಚಿನ ಬೆಳಕಿನಲ್ಲಿ ಓದುತ್ತಾರೆ. ಓದಿ ಚೀಟಿಯನ್ನು ಮಡಚಿ ಜೇಬಿಗಿಡುತ್ತಾರೆ.

"ಯಾರು ಸಾರ್?"

"ನಿಮಗೆ ಗೊತ್ತಿರೋ ಹುಡುಗೀನೇ" ಎನ್ನುತ್ತಾರೆ. "ಸುದೇಶ್."

ಚೋಂದಮ್ಮ ಫ್ಲಾಸ್ಕಿನ ಮುಚ್ಚಳವನ್ನು ತಿರುಗಿಸಿ ಮತ್ತೆ ಬಿಗಿಮಾಡುತ್ತಾರೆ. ಕಾಫಿ ಸುರಿದುಕೊಳ್ಳುವುದಿಲ್ಲ.

*

ಚೋಂದಮ್ಮ ದೆಹಲಿಗೆ ಬಂದದ್ದು ಗಂಡ ನಾಚಪ್ಪನವರ ಹಿಂದೆ. ಸೈನ್ಯದಲ್ಲಿ ಸುಬೇದಾರರಾಗಿದ್ದ ನಾಚಪ್ಪ ಪ್ರಾಯದಲ್ಲಿ ತಮ್ಮ ರೆಜಿಮೆಂಟಿಗೆ ಬಾಕ್ಸಿಂಗ್ ಆಡಿದವರು, ಅದರ ಗುರುತಾಗಿ ಮೂಗು ಇಂದಿಗೂ ಒಂದು ಕಡೆ ವಾಲಿಕೊಂಡಿದೆ. ಅಂಬಾಲಾ, ಜೋಧ್‌ಪುರ, ತೇಜ್‌ಪುರ ಎಂದು ಟ್ರಂಕು ಕಟ್ಟಿ ಬಿಚ್ಚಿ ಸಾಕಾಗಿ, ನಿವೃತ್ತಿಯಾದ ಮೇಲೆ ಮಗಳು ದೇಚುವಿನ ಓದಿಗಾಗಿ ಇಲ್ಲೇ ನಿಂತರು. ನಾಚಪ್ಪ ಈಗ ವಿಮಾನ ನಿಲ್ದಾಣದ ಬಳಿ ಒಂದು ಗೋದಾಮಿನ ಭದ್ರತೆ ನೋಡಿಕೊಳ್ಳುತ್ತಾರೆ. ಚೋಂದಮ್ಮ ಒಂದು ನರ್ಸಿಂಗ್ ಹೋಮಿನಲ್ಲಿ ಬಾಣಂತಿಯರನ್ನು ನೋಡಿಕೊಳ್ಳುವ ಆಯಾ ಆಗಿದ್ದರು. ಮೂರು ವರ್ಷದ ಕೆಳಗೆ ದೆಹಲಿಯಲ್ಲಿ ಹೆಣ್ಣುಮಕ್ಕಳ ಬಾಕ್ಸಿಂಗ್ ಪಂದ್ಯಗಳು ನಡೆದಾಗ, ಹಿಂದಿ ಬಲ್ಲ, ಮೂತ್ರ ಎಂದರೆ ಮೂಗು ಮುಚ್ಚಿಕೊಳ್ಳದ, ಬಾಯಿ ಬಿಗಿಯಿರುವ ಹೆಂಗಸರು ಬೇಕಾಗಿದ್ದರು. ಪರಿಚಯದ ಸೂರ್ಯನಾರಾಯಣ ಹೇಳಿ ಕಳಿಸಿದರು. ಅಂದಿನಿಂದ ಕರೆ ಬಂದಾಗಲೆಲ್ಲ ಇದೇ ಕೆಲಸ.

ಮಗಳಿಗೆ ಇದು ನುಂಗಲಾರದ ತುತ್ತು. ಕಾಲೇಜಿನಲ್ಲಿ ಅಮ್ಮ ಏನು ಮಾಡುತ್ತಾರೆ ಎಂದು ಕೇಳಿದರೆ 'ಸ್ಪೋರ್ಟ್ಸ್ ಮೆಡಿಸಿನ್' ಎಂದು ಹೇಳಿಬಿಡುತ್ತಾಳೆ. "ಮಮ್ಮಿ, ಪ್ಲೀಸ್ ಯಾರ್, ನನ್ನ ಫ್ರೆಂಡ್ಸ್ ಮುಂದೆ ಬಾಟಲ್ ಮಾತು ಬೇಡ" ಎಂದು ಮೊನ್ನೆಯೂ ಗೋಗರೆದಳು. ಚೋಂದಮ್ಮ ಅದನ್ನು ಹೊಟ್ಟೆಗೆ ಹಾಕಿಕೊಂಡಿದ್ದಾರೆ. ಅವರಿಗೆ ನಿದ್ದೆ ಕೆಡಿಸುವ ಸಂಗತಿ ಬೇರೆಯೇ ಇದೆ, ಅದು ಸುದೇಶ್.

ಹೆಸರು ಕೇಳಿ ಹುಡುಗ ಎಂದುಕೊಳ್ಳುವ ಅಗತ್ಯವಿಲ್ಲ, ಹರಿಯಾಣದಲ್ಲಿ ಅದು ಹೆಣ್ಣುಮಕ್ಕಳಿಗೂ ಇಡುವ ಹೆಸರು. ಈ ಹುಡುಗಿಯ ನಿಜವಾದ ಹೆಸರು ಇದಲ್ಲ, ಬದಲಿಸಲಾಗಿದೆ. ಬಹದ್ದೂರ್‌ಗಢದ ಆಚೆ ಒಂದು ಹಳ್ಳಿಯವಳು. ತಂದೆ ಹಾಲಿನ ಗಾಡಿ ಓಡಿಸುತ್ತಾರೆ. ಹಳ್ಳಿಯ ಹತ್ತಿರ ಒಬ್ಬ ತರಬೇತುದಾರ ಅಖಾಡ ನಡೆಸುತ್ತಿದ್ದ, ಮೊದಲು ಕುಸ್ತಿ, ಆಮೇಲೆ ಬಾಕ್ಸಿಂಗ್. ಎಲ್ಲರೂ ಅವನನ್ನು ಗುರೂಜಿ ಎನ್ನುತ್ತಾರೆ, ಕಾಲಿಗೆ ಬಿದ್ದು ಎದ್ದ ಮೇಲೆಯೇ ಕೈಗೆ ಪಟ್ಟಿ ಸುತ್ತಿಕೊಳ್ಳುತ್ತಾರೆ. ಸುದೇಶ್ ಹದಿನಾರಕ್ಕೆ ಅಲ್ಲಿ ಸೇರಿದಳು. ಹತ್ತೊಂಬತ್ತಕ್ಕೆ ಅವಳ ಬಲಗೈ ಏಟಿಗೆ ಹುಡುಗಿಯರು ಹೆದರುತ್ತಿದ್ದರು.

ಎರಡು ವರ್ಷದ ಕೆಳಗಿನ ಚಳಿಗಾಲದಲ್ಲಿ, ದೆಹಲಿಯ ಒಂದು ಒಳಾಂಗಣ ಕ್ರೀಡಾಂಗಣದಲ್ಲಿ ಆಯ್ಕೆ ಪಂದ್ಯ ನಡೆದಿತ್ತು. ಸುದೇಶಳ ಎದುರಾಳಿ ಗಾಜಿಯಾಬಾದಿನ ಹುಡುಗಿ, ರೈಲ್ವೆ ಕೆಲಸದ ಆಸೆ ಇಟ್ಟುಕೊಂಡವಳು. ಎರಡನೆಯ ಸುತ್ತಿನಲ್ಲಿ ಒಂದು ಏಟು ಎಡಗಣ್ಣಿನ ಮೇಲೆ ಬಿತ್ತು. ಹುಡುಗಿ ಬೀಳಲಿಲ್ಲ, ಆದರೆ ರೆಫರಿ ಬೆರಳು ತೋರಿಸಿದಾಗ ಬೇರೆಲ್ಲೋ ನೋಡಿದಳು. ಪಂದ್ಯ ನಿಂತಿತು. ಗೆದ್ದ ಸುದೇಶಳ ಹತ್ತಿರ ಚೋಂದಮ್ಮ ತಪಾಸಣೆಯ ಚೀಟಿ ಹಿಡಿದು ಹೋದರು.

ತಪಾಸಣೆಯ ಕೋಣೆಗೆ ಆಟಗಾರ್ತಿ ತನ್ನ ಕಡೆಯ ಒಬ್ಬರನ್ನು ಕರೆತರಬಹುದು. ಸುದೇಶ್ ಗುರೂಜಿಯನ್ನು ಕರೆತಂದಳು. ಅವನು ಅವಳ ಹೆಗಲಿಗೆ ಟವೆಲ್ ಹೊದಿಸಿದ, ನೀರಿನ ಬಾಟಲಿಯ ಮುದ್ರೆಯನ್ನು ತಿರುಗಿಸಿ ನೋಡಿ ಕೊಟ್ಟ, ಚೋಂದಮ್ಮನಿಗೆ 'ನಮಸ್ತೆ ಬೆಹನ್‌ಜಿ' ಎಂದ. ಎಂಥ ಒಳ್ಳೆ ಮನುಷ್ಯ ಎಂದುಕೊಂಡರು ಚೋಂದಮ್ಮ. ಬಹಳ ಹೊತ್ತು ಕಾದ ಮೇಲೆ ಹುಡುಗಿ ಎದ್ದಳು. ಶೌಚಾಲಯದೊಳಕ್ಕೆ ಗುರೂಜಿ ಬರುವಂತಿರಲಿಲ್ಲ.

"ಬಾಗಿಲು ಹಾಕಿದ ಕೂಡಲೇ ಅವಳು ಮಾತಾಡೋಕೆ ಶುರು ಮಾಡಿದ್ಲು" ಎನ್ನುತ್ತಾರೆ ಚೋಂದಮ್ಮ. "ಆಂಟೀಜಿ, ನೀವು ಆಸ್ಪತ್ರೇಲಿ ಕೆಲಸ ಮಾಡಿದ್ರಂತೆ, ಒಂದು ಕೇಳಲಾ ಅಂದ್ಲು. ಎಷ್ಟೋ ತಿಂಗಳಾಯ್ತು, ಮುಟ್ಟಾಗ್ತಿಲ್ಲ, ಧ್ವನಿ ನೋಡಿ ಹೇಗಾಗಿದೆ, ಅಣ್ಣನ ಥರ. ನಾನು, ಏನಾದ್ರೂ ಔಷಧಿ ತಗೊಳ್ತೀಯಾ ಅಂತ ಕೇಳಿದೆ. ಔಷಧಿ ಏನಿಲ್ಲ, ಮಂಗಳವಾರ ಪ್ರಸಾದ ಆದ್ಮೇಲೆ ಗುರೂಜಿ ತಾಕತ್ತಿನ ಸೂಜಿ ಹಾಕ್ತಾರೆ ಅಷ್ಟೇ ಅಂದ್ಲು."

ಮಂಗಳವಾರ ಬಜರಂಗಬಲಿಯ, ಅಂದರೆ ಹನುಮಂತನ ವಾರ. ಅಖಾಡದಲ್ಲಿ ಪೂಜೆಯಾಗುತ್ತದೆ, ಬೂಂದಿ ಹಂಚುತ್ತಾರೆ. ಬೂಂದಿ ತಿಂದ ಕೈಯನ್ನು ತಲೆಗೆ ಒರೆಸಿಕೊಂಡು, ಆಯ್ದ ನಾಲ್ಕೈದು ಹುಡುಗಿಯರು ಗುರೂಜಿಯ ಕೋಣೆಯ ಮುಂದೆ ಸಾಲಾಗಿ ನಿಲ್ಲುತ್ತಿದ್ದರು. ಸೂಜಿಯಲ್ಲಿ ಏನಿದೆ ಎಂದು ಒಬ್ಬಳೂ ಕೇಳಿರಲಿಲ್ಲ. ಬೂಂದಿಯಲ್ಲಿ ಏನಿದೆ ಎಂದು ಯಾರಾದರೂ ಕೇಳುತ್ತಾರೆಯೇ? ಸಾಲಿನಲ್ಲಿ ಕರೆಯದೆ ಉಳಿದ ಹುಡುಗಿಯರು ತಮಗೆ ಯಾವಾಗ ಈ ಭಾಗ್ಯ ಎಂದು ಮುಖ ಸಣ್ಣ ಮಾಡಿಕೊಳ್ಳುತ್ತಿದ್ದರಂತೆ.

ಹೊರಗೆ ಹೋಗಿ ಇದನ್ನೆಲ್ಲ ಸಾರ್ ಹತ್ತಿರ ಬರೆಸು ಎಂದು ಚೋಂದಮ್ಮ ಹೇಳಿದರು. ಸುದೇಶ್ ಸರಿ ಎಂದು ತಲೆಯಾಡಿಸಿದಳು. ಹೊರಗೆ ಸೂರ್ಯನಾರಾಯಣ, ಇತ್ತೀಚೆಗೆ ಏನು ಔಷಧಿ ತೆಗೆದುಕೊಂಡಿದ್ದೀಯಮ್ಮ ಎಂದು ಕೇಳಿದರು. ಹುಡುಗಿ ಗುರೂಜಿಯ ಮುಖ ನೋಡಿದಳು. "ಏನಿಲ್ಲ ಸಾಬ್, ಹಾಲು, ದೇಸಿ ತುಪ್ಪ, ಆಮೇಲೆ ನನ್ನ ಬೈಗುಳ" ಎಂದ ಅವನು. ಎಲ್ಲರೂ ನಕ್ಕರು. ಸುದೇಶಳೂ ನಕ್ಕು ಸಹಿ ಹಾಕಿದಳು.

ಆ ರಾತ್ರಿ ಗಾಡಿಯಲ್ಲಿ ಚೋಂದಮ್ಮ ಸೂರ್ಯನಾರಾಯಣರಿಗೆ ವಿಷಯ ತಿಳಿಸಿದರು. ಅವರು ಮೇಲಿನವರಿಗೆ ಹೇಳಿ ನೋಡಿದರು. ಪಂದ್ಯ ಗೆದ್ದವರ ಬಾಟಲಿ ತರಲು ನಿಮ್ಮನ್ನು ಕಳಿಸಿದ್ದು, ಗುಸುಗುಸು ತರಲು ಅಲ್ಲ ಎಂಬ ಉತ್ತರ ಬಂತು.

*

ಬಾಟಲಿಯಲ್ಲಿ ಸ್ಟೆರಾಯ್ಡ್ ಸಿಕ್ಕಿತು. ಬೇಸಿಗೆಯ ಹೊತ್ತಿಗೆ ವಿಚಾರಣೆ ನಡೆಯಿತು. ಒಂದು ಕ್ರೀಡಾಂಗಣದ ಕೆಳಗಿನ ಕೋಣೆ, ಮೂವರು ಸದಸ್ಯರ ಸಮಿತಿ, ಕೂಲರಿನ ಗರಗರ ಸದ್ದು. ಮಾದರಿ ತೆಗೆದ ಕ್ರಮ ಸರಿಯಿತ್ತೇ ಎಂದು ಹೇಳಲು ಚೋಂದಮ್ಮನನ್ನೂ ಕರೆಸಿದ್ದರು. ಹುಡುಗಿಯ ಪರವಾಗಿ ಮಾತಾಡಲು ಒಬ್ಬರು ಬರಬಹುದಿತ್ತು. ಹಾಲಿನ ಗಾಡಿಯ ಅಪ್ಪನಿಗೆ ಕಚೇರಿ, ಕಾನೂನು ಏನು ಗೊತ್ತು? ದೊಡ್ಡವರ ಮುಂದೆ ಮಾತಾಡಬಲ್ಲ ಒಬ್ಬನೇ ಮನುಷ್ಯ ಅವರಿಗೆ ಗೊತ್ತಿದ್ದ. ಅಪ್ಪ ಅವನ ಕಾಲು ಹಿಡಿದು ಕೇಳಿಕೊಂಡ. ಹೀಗೆ ಸೂಜಿ ಚುಚ್ಚಿದ ಕೈಯೇ ಹುಡುಗಿಯ ಪಕ್ಕದ ಕುರ್ಚಿಯಲ್ಲಿ ಕುಳಿತು ಅವಳ ಪರ ವಾದ ಮಾಡಿತು.

ಸಮಿತಿಯವರು ಕೆಟ್ಟವರೇನಲ್ಲ. ಒಬ್ಬ ಸದಸ್ಯರು ಹುಡುಗಿಗೆ ತಾಳ್ಮೆಯಿಂದಲೇ ಹೇಳಿದರು: ಯಾರು ಕೊಟ್ಟರು ಎಂದು ಹೆಸರು ಹೇಳಿದರೆ ಶಿಕ್ಷೆ ಅರ್ಧಕ್ಕಿಳಿಯಬಹುದು, ಕೊಟ್ಟವನಿಗೆ ನಿನಗಿಂತ ದೊಡ್ಡ ಶಿಕ್ಷೆಯಾಗುತ್ತದೆ, ಕಾನೂನಿನಲ್ಲಿ ದಾರಿಯಿದೆ. ಕಾನೂನು ಚೆನ್ನಾಗಿಯೇ ಇದೆ. ಅದು ಹುಡುಗಿಯ ಬಾಯಿಂದ ಹೆಸರು ಬರಲಿ ಎಂದು ಕಾಯುತ್ತದೆ. ಹೆಸರಿನವನು ಅವಳ ಪಕ್ಕದಲ್ಲೇ ಕುಳಿತು ಅವಳಿಗೆ ನೀರಿನ ಲೋಟ ಸರಿಸುತ್ತಾನೆ.

"ನಾನೇ ಅಂಗಡಿಯಿಂದ ತಂದು ಚುಚ್ಚಿಕೊಂಡೆ" ಎಂದಳು ಸುದೇಶ್. "ಗುರೂಜಿಗೆ ಗೊತ್ತಿರಲಿಲ್ಲ."

ಅವನು ಅವಳ ತಲೆ ಸವರಿದ. ನೋಡಿ ಸಾಬ್, ಮಗು ತಪ್ಪು ಮಾಡಿದೆ, ಒಪ್ಪಿಕೊಂಡಿದೆ, ದಯೆ ತೋರಿಸಿ ಎಂದು ಕಣ್ಣೀರನ್ನೂ ಒರೆಸಿಕೊಂಡ.

ಆಮೇಲೆ ಚೋಂದಮ್ಮನ ಸರದಿ. ಬಾಟಲಿಗೆ ನಿಮ್ಮ ಎದುರಿಗೇ ಮುದ್ರೆ ಬಿತ್ತೇ ಎಂಬುದೊಂದೇ ಅವರಿಗೆ ಕೇಳಬೇಕಾಗಿದ್ದ ಪ್ರಶ್ನೆ. ಬಿತ್ತು ಎಂದರು. ಹೋಗಬಹುದು ಎಂದರು ಸಮಿತಿಯವರು. ಚೋಂದಮ್ಮ ಹೋಗಲಿಲ್ಲ. ಇನ್ನೊಂದು ಮಾತಿದೆ ಸಾಬ್ ಎಂದು ಮಂಗಳವಾರದ ಸೂಜಿಯ ವಿಷಯವನ್ನೆಲ್ಲ ಹೇಳಿದರು. ಹಿಂದಿಯ ಸ್ತ್ರೀಲಿಂಗ ಪುಲ್ಲಿಂಗವೆಲ್ಲ ತಪ್ಪುತ್ತಿತ್ತು. ಸಮಿತಿಯವರು ಸುದೇಶಳ ಕಡೆ ತಿರುಗಿದರು. ಈ ಆಂಟಿಗೆ ನೀನು ಹೀಗೆ ಹೇಳಿದ್ದು ನಿಜವೇ?

"ಅವಳು ನನ್ನ ಮುಖ ನೋಡ್ಲಿಲ್ಲ" ಎನ್ನುತ್ತಾರೆ ಚೋಂದಮ್ಮ. "ಆಂಟಿ ಸುಳ್ಳು ಹೇಳ್ತಿದ್ದಾರೆ ಅಂದ್ಲು. ಅಷ್ಟೇ. ಶೌಚಾಲಯದಲ್ಲಿ ನಾವಿಬ್ರೇ ಇದ್ದಿದ್ದು, ಇನ್ಯಾರು ಸಾಕ್ಷಿ ಹೇಳ್ತಾರೆ? ನಾನು ಸಾಕ್ಷಿಯಾಗಿ ನಿಂತು ನೋಡೋ ಕೆಲಸದವಳು, ನೋಡಿ. ನನಗೇ ಸಾಕ್ಷಿ ಇಲ್ಲ."

ಎರಡು ವರ್ಷದ ನಿಷೇಧ. ಪತ್ರಿಕೆಗಳಲ್ಲಿ ಸುದೇಶಳ ಫೋಟೋ ಬಂತು. ಗುರೂಜಿಯ ಕೂದಲೂ ಕೊಂಕಲಿಲ್ಲ. ಕೋಣೆಯ ಹೊರಗೆ ಹುಡುಗಿ ಅವನ ಕಾಲು ಮುಟ್ಟಿ ನಮಸ್ಕರಿಸಿದಳು. ಅವನು ಚೋಂದಮ್ಮನ ಪಕ್ಕದಲ್ಲೇ ಹಾದು ಹೋಗುತ್ತ, ಬಿಸಿಲು ಜಾಸ್ತಿ ಇದೆ ಬೆಹನ್‌ಜಿ, ತಲೆಗೆ ಏನಾದರೂ ಹೊದ್ದುಕೊಳ್ಳಿ ಎಂದು ಮೆತ್ತಗೆ ಹೇಳಿದ.

ಮನೆಯಲ್ಲಿ ಈ ವಿಷಯಕ್ಕೆ ಗಂಡಹೆಂಡಿರಿಗೆ ಇಂದಿಗೂ ಜಗಳ ಹತ್ತುತ್ತದೆ. ನಾಚಪ್ಪನವರದು ಮಿಲಿಟರಿ ತೀರ್ಪು. ಎರಡು ವರ್ಷ ಯಾವ ಮೂಲೆಗೆ? ಜೀವಮಾನ ಪೂರ್ತಿ ರಿಂಗ್ ಹತ್ತಿಸಬಾರದು ಎನ್ನುತ್ತಾರೆ. "ಓಟದಲ್ಲಿ ಮೋಸ ಮಾಡಿದ್ರೆ ಇನ್ನೊಬ್ಬರ ಪದಕ ಹೋಗುತ್ತೆ. ಇಲ್ಲಿ ಇನ್ನೊಬ್ಬರ ತಲೆ ಹೋಗುತ್ತೆ. ಮದ್ದು ಚುಚ್ಚಿಕೊಂಡ ಕೈಯಲ್ಲಿ ಹೊಡೆಯೋದು ಆಟ ಅಲ್ಲ, ಹಲ್ಲೆ. ಪೊಲೀಸ್ ಕೇಸ್ ಹಾಕಬೇಕು" ಎಂದು ವಾಲಿದ ಮೂಗನ್ನು ಸವರಿಕೊಳ್ಳುತ್ತಾರೆ. ಅವರ ಮಾತನ್ನು ತಳ್ಳಿಹಾಕಲು ಚೋಂದಮ್ಮನಿಂದ ಆಗುವುದಿಲ್ಲ. ಗಾಜಿಯಾಬಾದಿನ ಆ ಹುಡುಗಿಯನ್ನು ಅವರು ಆಸ್ಪತ್ರೆಗೆ ಹೋಗಿ ನೋಡಿ ಬಂದಿದ್ದಾರೆ. ಎಡಗಣ್ಣಿನ ಒಳಪರದೆ ಕಿತ್ತು ಬಂದಿತ್ತು. ಎರಡು ಸಲ ಆಪರೇಷನ್ ಆದರೂ ಆ ಕಣ್ಣಿಗೆ ಬೆಳಕು ಮಾತ್ರ ತಿಳಿಯುತ್ತದೆ, ಮುಖ ತಿಳಿಯುವುದಿಲ್ಲ. ರೈಲ್ವೆಯ ವೈದ್ಯಕೀಯ ಪರೀಕ್ಷೆಯಲ್ಲಿ ಅವಳು ಇನ್ನು ಪಾಸಾಗುವ ಹಾಗಿಲ್ಲ.

"ಇವರು ಹೇಳೋದು ಸರಿ" ಎನ್ನುತ್ತಾರೆ ಚೋಂದಮ್ಮ. "ಆ ಹುಡುಗಿ ಕಣ್ಣು ನೋಡಿದ್ರೆ ಯಾರಿಗಾದ್ರೂ ಸಿಟ್ಟು ಬರುತ್ತೆ. ಆದ್ರೆ ಯಾರನ್ನ ಜೀವಮಾನ ಪೂರ್ತಿ ಹೊರಗಿಡೋದು? ಹೊಡೆದ ಕೈನಾ, ಚುಚ್ಚಿದ ಕೈನಾ? ಒಂದು ಕೈಗೆ ಶಿಕ್ಷೆ ಕೊಟ್ಟು ಇನ್ನೊಂದು ಕೈನ ಬೂಂದಿ ಹಂಚೋಕೆ ಬಿಟ್ಟಿದ್ದೀವಿ."

*

ಬಹದ್ದೂರ್‌ಗಢ ದಾಟಿದ ಮೇಲೆ ಮಂಜು ಸ್ವಲ್ಪ ತೆಳುವಾಗುತ್ತದೆ. ಸುಮೋ ಸಾಸಿವೆ ಹೊಲಗಳ ನಡುವಿನ ರಸ್ತೆಗೆ ಇಳಿಯುತ್ತದೆ. ನಿಷೇಧದಲ್ಲಿರುವ ಆಟಗಾರರನ್ನೂ ಆಗಾಗ ತಪಾಸಣೆ ಮಾಡಬೇಕೆಂಬ ನಿಯಮವಿದೆ, ಮದ್ದು ಬಿಟ್ಟಿದ್ದಾರೋ ಇಲ್ಲವೋ ಎಂದು ನೋಡಲು. ಸುದೇಶಳ ಹೆಸರು ಪಟ್ಟಿಯಿಂದ ಹೋಗಿಲ್ಲ. ವಿಳಾಸ ಮಾತ್ರ ಬದಲಾಗಿದೆ. ಫೋಟೋ ಪತ್ರಿಕೆಯಲ್ಲಿ ಬಂದ ಮೇಲೆ ಅಪ್ಪ ತಡಮಾಡದೆ, ಪತ್ರಿಕೆ ಓದದ ಮನೆಯೊಂದನ್ನು ಹುಡುಕಿ ಮದುವೆ ಮಾಡಿಬಿಟ್ಟಿದ್ದಾನೆ. ಮದುವೆಯಾಗಿ ವರ್ಷದ ಮೇಲಾಯಿತು.

ಹಸಿರು ಬಣ್ಣದ ಕಬ್ಬಿಣದ ಗೇಟು. ಚೋಂದಮ್ಮ ತಟ್ಟುತ್ತಾರೆ. ಎಮ್ಮೆಗೆ ಹುಲ್ಲು ಹಾಕುತ್ತಿದ್ದ ಅತ್ತೆ ಬಂದು ಬಾಗಿಲು ತೆರೆಯುತ್ತಾಳೆ. ಕೊರಳ ಚೀಟಿ, ಬಾಟಲಿಗಳ ಪೆಟ್ಟಿಗೆ, ಸೂರ್ಯನಾರಾಯಣರ ಟೈ, ಎಲ್ಲವನ್ನೂ ಕಂಡು ಗಾಬರಿಯಾಗುತ್ತಾಳೆ. ಸರ್ಕಾರದಿಂದ ಬಂದಿದ್ದೇವೆ, ನಿಮ್ಮ ಸೊಸೆಯ ಮೂತ್ರದ ಪರೀಕ್ಷೆ ಎಂದು ಚೋಂದಮ್ಮ ಹಿಂದಿಯಲ್ಲಿ ಹೇಳುತ್ತಾರೆ. ಅದಕ್ಕಿಂತ ಹೆಚ್ಚು ಹೇಳುವಂತಿಲ್ಲ. ಅಷ್ಟು ಕೇಳಿದ್ದೇ ತಡ, ಅತ್ತೆಯ ಮುಖ ಅರಳುತ್ತದೆ. ಹೆಂಗಸೊಬ್ಬಳು ಬೆಳಗ್ಗೆ ಎದ್ದ ಕೂಡಲೇ ಮೂತ್ರ ಪರೀಕ್ಷೆಗೆ ಬಂದರೆ ಆ ಮನೆಯಲ್ಲಿ ಅದಕ್ಕೆ ಒಂದೇ ಅರ್ಥ.

"ಬಹೂ ನನಗೆ ಹೇಳಲೇ ಇಲ್ಲ ನೋಡಿ!" ಎಂದು ಅವಳು ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಾಳೆ. "ವರ್ಷದಿಂದ ಹರಕೆ ಹೊತ್ತಿದ್ದೀನಿ. ಬನ್ನಿ, ಒಳಗೆ ಬನ್ನಿ."

ಸೂರ್ಯನಾರಾಯಣ ಕನ್ನಡದಲ್ಲಿ, "ಏನೂ ಹೇಳಬೇಡಿ" ಎಂದು ಗೊಣಗುತ್ತಾರೆ. ಹೇಳುವುದಾದರೂ ಏನನ್ನು? ಚೋಂದಮ್ಮ ತಲೆ ತಗ್ಗಿಸಿ ಒಳಗೆ ಹೋಗುತ್ತಾರೆ.

ಸುದೇಶ್ ಗಲ್ಲದ ತನಕ ದುಪಟ್ಟಾದ ಸೆರಗು ಇಳಿಬಿಟ್ಟುಕೊಂಡು ಬರುತ್ತಾಳೆ. ಚೀಟಿಗೆ ಸಹಿ ಹಾಕುವಾಗಲೂ ತುಟಿ ಪಿಟಕ್ಕೆನ್ನುವುದಿಲ್ಲ. ಈ ಮನೆಯಲ್ಲಿ ಹಿರಿಯರ ಮುಂದೆ ಸೊಸೆ ಮಾತಾಡುವ ಪದ್ಧತಿಯಿಲ್ಲ. ಅವಳ ಧ್ವನಿ ಒಡೆದು ಗಂಡುಧ್ವನಿಯಾಗಿರುವುದು ಅತ್ತೆಮಾವಂದಿರ ಗಮನಕ್ಕೆ ಬಾರದೆ ಉಳಿದಿದ್ದರೆ ಅದು ಈ ಪದ್ಧತಿಯಿಂದ. ಅಂಗಳದ ಮೂಲೆಯ ಶೌಚಾಲಯದಲ್ಲಿ ಬಾಗಿಲು ಹಾಕಿದ ಮೇಲೆ ಸೆರಗು ಮೇಲೇರುತ್ತದೆ. ಮುಖ ಇಳಿದಿದೆ, ತೋಳುಗಳಲ್ಲಿ ಗಟ್ಟಿತನ ಇನ್ನೂ ಉಳಿದಿದೆ.

"ಆಂಟೀಜಿ, ಅವತ್ತು ನಿಮ್ಮನ್ನ ಸುಳ್ಳಿ ಅಂದೆ" ಎನ್ನುತ್ತಾಳೆ ಪಿಸುದನಿಯಲ್ಲಿ. "ಮಾಫ್ ಮಾಡಿ."

"ಬಿಡು ಮಗಾ. ಆರೋಗ್ಯ ಹೇಗಿದೆ? ಮುಟ್ಟು?"

ಸುದೇಶ್ ತಲೆ ಅಲ್ಲಾಡಿಸುತ್ತಾಳೆ. ಒಂದೊಂದು ಸಲ ಆಗುತ್ತದೆ, ಆಮೇಲೆ ತಿಂಗಳುಗಟ್ಟಲೆ ಇಲ್ಲ. ಹೊರಗೆ ಅತ್ತೆ ಯಾರನ್ನೋ ಕೂಗಿ, ಹಾಲು ಕಾಯಿಸು, ಬೆಲ್ಲ ಹಾಕು ಎನ್ನುವುದು ಕೇಳಿಸುತ್ತದೆ. ಇಬ್ಬರೂ ಅದನ್ನು ಕೇಳಿಸಿಕೊಳ್ಳುತ್ತ ನಿಲ್ಲುತ್ತಾರೆ.

"ಪಿಂಕಿ ಅಖಾಡಕ್ಕೆ ಸೇರಿದ್ದಾಳೆ" ಎನ್ನುತ್ತಾಳೆ ಸುದೇಶ್ ಇದ್ದಕ್ಕಿದ್ದಂತೆ. ಪಿಂಕಿ ಅವಳ ತಂಗಿ, ಹದಿನೈದು ವರ್ಷ.

"ಯಾವ ಅಖಾಡ?"

"ಗುರೂಜಿದೇ. ಅಪ್ಪ ಕಳಿಸಿದ್ರು. ನನಗೋಸ್ಕರ ದಿಲ್ಲಿವರೆಗೂ ಬಂದು ಸಾಬ್‌ಗಳ ಮುಂದೆ ಕಣ್ಣೀರು ಹಾಕಿದ್ರಲ್ಲ, ಆ ಉಪಕಾರ ಹೇಗೆ ಮರೆಯೋದು ಅಂತಾರೆ. ಮಂಗಳವಾರ ಬಂತೂಂದ್ರೆ ಅವಳು ಅಮ್ಮನಿಗೆ ಬೂಂದಿ ತಂದುಕೊಡ್ತಾಳಂತೆ."

ಸೂಜಿ ಶುರುವಾಯಿತೇ ಎಂದು ಚೋಂದಮ್ಮ ಕೇಳುತ್ತಾರೆ. ಇನ್ನೂ ಸಾಲಿನಲ್ಲಿ ಕರೆದಿಲ್ಲ, ಯಾವಾಗ ಕರೀತಾರೋ ಅಂತ ಕಾಯ್ತಿದ್ದಾಳೆ ಎನ್ನುತ್ತಾಳೆ ಸುದೇಶ್.

"ಈಗ್ಲಾದ್ರೂ ಹೇಳು ಮಗಾ" ಎಂದು ಚೋಂದಮ್ಮ ಅವಳ ಕೈ ಹಿಡಿದುಕೊಳ್ಳುತ್ತಾರೆ. ಹೀಗೆ ಮುಟ್ಟಬಾರದು ಎಂಬುದು ನಿಯಮ. "ಸಾರ್ ಹೊರಗೇ ಇದ್ದಾರೆ. ನೀನು ಹೇಳಿದ್ದನ್ನ ಬರ್ಕೊಳ್ತಾರೆ. ಅವನು ಇಲ್ಲಿಲ್ಲ, ನಿನ್ನ ಪಕ್ಕದಲ್ಲಿ ಯಾರೂ ಕೂತಿಲ್ಲ. ಪಿಂಕಿಗೋಸ್ಕರ ಹೇಳು."

ಸುದೇಶ್ ಬಾಗಿಲಿನ ಕಡೆ ನೋಡುತ್ತಾಳೆ. ಬಾಗಿಲ ಸಂದಿನಲ್ಲಿ ಅತ್ತೆಯ ಬಣ್ಣದ ಸೀರೆಯಂಚು ಅತ್ತಿತ್ತ ಓಡಾಡುತ್ತಿದೆ. ಸೂಜಿಯ ವಿಷಯ ಬಾಯಿಬಿಟ್ಟರೆ ನಿಷೇಧದ ವಿಷಯ ಹೊರಬೀಳುತ್ತದೆ. ನಿಷೇಧದ ವಿಷಯ ಹೊರಬಿದ್ದರೆ ವರ್ಷದಿಂದ ಬಸಿರು ನಿಲ್ಲದಿರುವುದಕ್ಕೆ ಈ ಮನೆಗೆ ಕಾರಣ ಸಿಗುತ್ತದೆ. ಅಂದು ಅವಳ ಬಾಯಿ ಕಟ್ಟಿದ್ದು ಗುರೂಜಿಯ ಮೇಲಿನ ಭಕ್ತಿ. ಇಂದು ಆ ಭಕ್ತಿ ಹೋಗಿದೆ, ಬಾಯಿ ಮಾತ್ರ ಕಟ್ಟಿಯೇ ಇದೆ.

"ಬಾಟಲ್ ಕೊಡಿ ಆಂಟೀಜಿ" ಎನ್ನುತ್ತಾಳೆ.

ತೋಳು ಮಡಚುತ್ತಾಳೆ, ಕಮೀಜು ಎತ್ತುತ್ತಾಳೆ. ಚೋಂದಮ್ಮ ನೋಡುತ್ತಾರೆ. ನೋಡುವುದೇ ಅವರ ಕೆಲಸ. ಇವತ್ತು ಅವರ ಬಾಯಿಗೆ ಬೇರೆ ಮಾತು ಯಾವುದೂ ಬರುವುದಿಲ್ಲ.

ಹೊರಗೆ ಸೂರ್ಯನಾರಾಯಣ ಮಾದರಿಯನ್ನು ಎರಡು ಗಾಜಿನ ಬಾಟಲಿಗಳಿಗೆ ಹಂಚಿ, ಮುಚ್ಚಳವನ್ನು ಕಟಕಟ ತಿರುಗಿಸಿ ಮುದ್ರೆ ಹಾಕುತ್ತಾರೆ. ಅತ್ತೆ ದೂರದಿಂದ ಆ ಬಾಟಲಿಗಳಿಗೆ ಕೈ ಮುಗಿಯುತ್ತಾಳೆ. ಹಾಲಿನ ಲೋಟ ಚೋಂದಮ್ಮನ ಕೈಗೆ ಬರುತ್ತದೆ. ಕೆಲಸದ ಮೇಲೆ ಬಂದಾಗ ಯಾರ ಮನೆಯಲ್ಲೂ ಏನೂ ತೆಗೆದುಕೊಳ್ಳುವಂತಿಲ್ಲ, ಆದರೆ ಆ ಹೆಂಗಸಿನ ಮುಖ ನೋಡಿ ಒಂದು ಗುಟುಕು ಕುಡಿಯುತ್ತಾರೆ.

"ರಿಪೋರ್ಟ್ ಯಾವಾಗ ಬರುತ್ತೆ ಬೆಹನ್‌ಜಿ?" ಎಂದು ಅತ್ತೆ ಕೇಳುತ್ತಾಳೆ. "ಒಳ್ಳೇ ಸುದ್ದಿ ತಾನೇ?"

ಸೊಸೆಯನ್ನು ಚೆನ್ನಾಗಿ ನೋಡಿಕೊಳ್ಳಿ, ಏಟು ತಿಂದ ಮೈ ಎಂದು ಏನೋ ಹೇಳಿ ಚೋಂದಮ್ಮ ಗೇಟಿನಿಂದ ಹೊರಬೀಳುತ್ತಾರೆ. ತಿರುಗಿ ನೋಡಿದರೆ ಸುದೇಶಳ ಸೆರಗು ಮತ್ತೆ ಗಲ್ಲದ ತನಕ ಇಳಿದಿದೆ.

*

ವಾಪಸು ಬರುವಾಗ ಬಿಸಿಲು ಬಿದ್ದಿದೆ. ಮುಂದಿನ ವರ್ಷದ ದೊಡ್ಡ ಕ್ರೀಡಾಕೂಟಕ್ಕೆಂದು ದೆಹಲಿಯ ರಸ್ತೆಗಳನ್ನೆಲ್ಲ ಅಗೆದು ಹಾಕಿದ್ದಾರೆ, ಗಾಡಿ ಕುಲುಕುತ್ತದೆ. ಚೋಂದಮ್ಮ ಪೆಟ್ಟಿಗೆಯನ್ನು ತೊಡೆಯ ಮೇಲೆ ಅವುಚಿಕೊಂಡು ಕುಳಿತಿದ್ದಾರೆ. ಪಿಂಕಿಯ ವಿಷಯವನ್ನು ಸೂರ್ಯನಾರಾಯಣರಿಗೆ ಹೇಳಿಯಾಗಿದೆ. ಬರೆದು ಕೊಡುತ್ತೇನೆ ಎಂದಿದ್ದಾರೆ ಅವರು. ಹೋದ ಸಲದ ಉತ್ತರವೇ ಬರುತ್ತದೆಂದು ಇಬ್ಬರಿಗೂ ಗೊತ್ತಿದೆ. ಆ ಹುಡುಗಿಗೂ ಒಂದು ದಿನ ಬಲಗೈ ಏಟು ಬರುತ್ತದೆ, ಇನ್ಯಾರದೋ ಕಣ್ಣು ಸಿಗುತ್ತದೆ, ಆಮೇಲೆ ಚೀಟಿ ಹಿಡಿದು ಹೋಗಬೇಕಾದವರು ಚೋಂದಮ್ಮನೇ.

ಕೆಲಸ ಬಿಟ್ಟುಬಿಡಬೇಕೆಂದು ಅನಿಸುವುದಿಲ್ಲವೇ? ಅನಿಸುತ್ತದೆ, ಪ್ರತಿ ಸಲವೂ ಅನಿಸುತ್ತದೆ. "ಬಿಟ್ರೆ ಬೇರೆ ಯಾರೋ ಬರ್ತಾರೆ. ಅವರು ಕಣ್ಣು ಬಿಟ್ಕೊಂಡು ಸುಮ್ನೆ ನೋಡ್ತಾರೆ. ನಾನಾದ್ರೆ ಊಟ ಆಯ್ತಾ ಅಂತ ಕೇಳ್ತೀನಲ್ಲ" ಎನ್ನುತ್ತಾರೆ.

ಮಧ್ಯಾಹ್ನ ಮನೆಯಲ್ಲಿ ಅಕ್ಕಿ ಆರಿಸುತ್ತ ಕುಳಿತಾಗ, ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ಒಂದು ಕಲ್ಲು ಆರಿಸಿ ಬದಿಗೆ ಹಾಕುತ್ತಾರೆ. ಆಮೇಲೆ ನಾಚಿಕೊಂಡೇ ಹೇಳುತ್ತಾರೆ. ಒಂದು ಸಲ, ಒಂದೇ ಒಂದು ಸಲ, ಸಾರ್ ಲಕೋಟೆ ಒಡೆದಾಗ ಅದರಲ್ಲಿ ಗುರೂಜಿಯ ಹೆಸರಿರಬೇಕು. ಬೆಳಗಿನ ಜಾವ ಹೋಗಿ ಅವನ ಬಾಗಿಲನ್ನು ತಟ್ಟಬೇಕು.

ಪಕ್ಕದಲ್ಲಿ ಕುಳಿತ ನಾಚಪ್ಪ ನಗುತ್ತಾರೆ. "ತಟ್ಟಿ? ಅವನ ಬಾಟಲ್‌ನಲ್ಲಿ ಏನು ಸಿಗುತ್ತೆ ಮಾರಾಯ್ತಿ? ಹಾಲು, ತುಪ್ಪ ತಿಂದ ಮೈ. ಅವನು ಚುಚ್ಚಿಕೊಂಡಿಲ್ಲವಲ್ಲ."

"ಸಿಗಲ್ಲ ಅಂತ ನಂಗೂ ಗೊತ್ತು" ಎನ್ನುತ್ತಾರೆ ಚೋಂದಮ್ಮ ಮೊರದಿಂದ ತಲೆ ಎತ್ತದೆ. "ಸಿಗೋದು ಬೇಡ. ಆ ಹುಡುಗೀರ ಹಾಗೆ ಅವನೂ ಒಂದು ದಿನ ಬಟ್ಟೆ ಎತ್ಕೊಂಡು ಯಾರದ್ದಾದ್ರೂ ಕಣ್ಣೆದುರಿಗೆ ನಿಂತ್ಕೊಳ್ಳಲಿ. ನನ್ನನ್ನ ಒಳಗೆ ಬಿಡಲ್ಲ, ಹೆಂಗಸು. ಪರವಾಗಿಲ್ಲ, ನಾನು ಬಾಗಿಲ ಹೊರಗೇ ಕಾಯ್ತೀನಿ. ಸಂಜೆ ತನಕ ಬೇಕಾದ್ರೂ ಕಾಯ್ತೀನಿ."